ಎರಿಹೊಲ ಸೀಡ್ಸ್‌ನ ಸಿದ್ದಲಿಂಗವ್ವ

2002ರ ಮಾರ್ಚ್ 19, ಮಂಗಳವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ನೇಸರಗಿಯ ಸಿದ್ದಲಿಂಗವ್ವ ಬಿತ್ತನೆಯ ಕಡಲೆಯನ್ನು ಬೀಸುಕಲ್ಲಿಗೆ ಹಾಕಿ ಬೇಳೆ ಒಡೆಯುತ್ತಿದ್ದರು. ಮದುವೆಯಾಗಿ ಆ ಮನೆಗೆ ಬಂದ ಮೂವತ್ತನಾಲ್ಕು ವರ್ಷಗಳಲ್ಲಿ ಬೀಜವೆಂದು ಆರಿಸಿ ತೆಗೆದ ಕಾಳು ಒಂದು ಮುಷ್ಟಿಯೂ ಬೀಸುಕಲ್ಲಿಗೆ ಬಿದ್ದಿರಲಿಲ್ಲ. ಆ ದಿನ ನಾಲ್ಕು ಚೀಲಗಳ ಬಾಯಿ ಬಿಚ್ಚಿತ್ತು. ಒಂದರಲ್ಲಿ ಕಾಲು ಭಾಗ ಆಗಲೇ ಬೇಳೆಯಾಗಿ ಮೊರದಲ್ಲಿತ್ತು.

ಕಲ್ಲಿನ ಸದ್ದಿಗೆ ಎದ್ದು ಬಂದವರು ನೆಗೆಣ್ಣಿ ಸಾವಂತ್ರೆವ್ವ. ಸಿದ್ದಲಿಂಗವ್ವನ ಗಂಡ ವೀರಪ್ಪ 1990ರಲ್ಲಿ ಕಾಮಾಲೆಯಿಂದ ತೀರಿಕೊಂಡಿದ್ದರು. ವೀರಪ್ಪನ ತಮ್ಮ ಮುತ್ತಪ್ಪ ಸವದತ್ತಿಯ ಕಡೆ ನೀರಾವರಿ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದು, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರ ಹೆಂಡತಿಯೇ ಸಾವಂತ್ರೆವ್ವ. ಹೀಗಾಗಿ ಆ ಮನೆಯಲ್ಲಿ ದಿನನಿತ್ಯ ಇದ್ದವರು ಈ ಇಬ್ಬರು ಹೆಂಗಸರೇ.

"ಅಕ್ಕಾ, ಏನ್ ಮಾಡಾಕ ಹತ್ತೀ?"

"ಕಾಣಸವಲ್ದೇನು? ಬ್ಯಾಳಿ ಒಡ್ಯಾಕ ಹತ್ತೇನಿ."

"ಬೀಜದ ಕಾಳು ಅವು."

"ಇನ್ನಮ್ಯಾಲ ಬೀಜ ಇಲ್ಲ ಏನಿಲ್ಲ. ಎಲ್ಲಾ ಕಾಳೂ ತಿನ್ನೂ ಕಾಳ. ತಗಿ ಕೈ."

ಸಾವಂತ್ರೆವ್ವ ಕೈ ತೆಗೆಯಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದು ಎದುರಿಗೇ ಕುಳಿತರು. ಕಲ್ಲು ನಿಂತಿತು.

ಸಿದ್ದಲಿಂಗವ್ವ ಯಾಕೆ ಹಾಗೆ ಮಾಡುತ್ತಿದ್ದರು ಎಂದು ತಿಳಿಯಲು ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ಅವರು ಹುಟ್ಟಿದ್ದು 1950ರಲ್ಲಿ, ಕಿತ್ತೂರಿನಲ್ಲಿ. ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ಅಕ್ಷರ ದುಂಡಾಗಿದೆ, ನಿಧಾನವಾಗಿ ಬರೆಯುತ್ತಾರೆ. ಬೀಜ ಆರಿಸುವುದನ್ನು ಕಲಿಸಿದವರು ಅತ್ತೆ. ರಾಶಿಗೆ ಮೊದಲೇ ಹೊಲದಲ್ಲಿ ತಿರುಗಾಡಿ, ಎರಡು ಕಾಳಿನ ಕಾಯಿ ಹೆಚ್ಚಿಗೆ ಹಿಡಿದ ಗಿಡಕ್ಕೆ ಕೆಂಪು ದಾರ ಕಟ್ಟಿ ಗುರುತು ಮಾಡುವುದು, ಆ ಗಿಡಗಳನ್ನು ಬೇರೆಯಾಗಿ ಬಡಿಯುವುದು, ಬೂದಿ ಮತ್ತು ಬೇವಿನ ಎಲೆಯೊಂದಿಗೆ ಗಡಿಗೆಗೆ ತುಂಬಿ ಸೆಗಣಿಯಿಂದ ಬಾಯಿ ಮುಚ್ಚುವುದು. ಬಿತ್ತುವ ಮುನ್ನ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಐದನೆಯ ದಿನ ಮೊಳಕೆ ಲೆಕ್ಕ ಹಾಕುವುದು. ಕೃಷಿ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಅಲ್ಲಿ ಗೋಣಿತಟ್ಟಿನ ಬದಲು ಕಾಗದ ಇರುತ್ತದೆ, ಅಷ್ಟೇ ವ್ಯತ್ಯಾಸ.

ಅತ್ತೆಯ ಕಾಲದಲ್ಲಿ ಬೀಜವನ್ನು ರೊಕ್ಕಕ್ಕೆ ಮಾರುತ್ತಿರಲಿಲ್ಲ. ಒಂದು ಸೇರು ಬೀಜ ಒಯ್ದವರು ಸುಗ್ಗಿಯಲ್ಲಿ ಒಂದೂಕಾಲು ಸೇರು ಕಾಳು ತಂದು ಹಾಕುತ್ತಿದ್ದರು. ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುವುದು, ಕೊನೆಯ ಸೇರಿನ ಮೇಲೆ ಒಂದು ಮುಷ್ಟಿ ಕೊಸರು ಹಾಕುವುದು ಈ ಭಾಗದ ಪದ್ಧತಿ. ಹತ್ತು ಸೇರಿಗೆ ಹತ್ತೇ ಸೇರು ಅಳೆದು ಕೊಟ್ಟವರನ್ನು ಜನ ಜಿಪುಣರೆನ್ನುವುದಿಲ್ಲ, ಆದರೆ ಮುಂದಿನ ವರ್ಷ ಅವರ ಬಾಗಿಲಿಗೆ ಹೋಗುವುದಿಲ್ಲ.

1994ರಿಂದ ಬೇರೆ ತಾಲ್ಲೂಕಿನವರೂ ಕೇಳತೊಡಗಿದಾಗ ಸಿದ್ದಲಿಂಗವ್ವ ರೊಕ್ಕಕ್ಕೆ ಕೊಡಲು ಆರಂಭಿಸಿದರು. ಊರಿನ ಹತ್ತಾರು ಹೊಲಗಳಲ್ಲಿ ಬೀಜಕ್ಕೆಂದೇ ಕಡಲೆ ಬೆಳೆಸಿ, ಕೊಂಡು, ಆರಿಸಿ, ಮಾರುತ್ತಿದ್ದರು. 2001ರ ಸೆಪ್ಟೆಂಬರಿನಲ್ಲಿ ರಾಮದುರ್ಗದ ಬೀಜದ ಅಂಗಡಿಯ ಲಗಮಪ್ಪ ಒಂಬತ್ತು ಕ್ವಿಂಟಲ್ ಒಯ್ದ. ಒಯ್ದವನು ಅದನ್ನು ಒಂದು ತಿಂಗಳು ಗೊಬ್ಬರದ ಚೀಲಗಳ ಪಕ್ಕ, ತೇವ ಏರುವ ನೆಲದ ಮೇಲೆ ಇಟ್ಟಿದ್ದ. ಅದು ಯಾರಿಗೂ ಆಗ ಗೊತ್ತಿರಲಿಲ್ಲ. ಬಿತ್ತಿದ ಮೇಲೆ ಮೂರರಲ್ಲಿ ಒಂದು ಕಾಳು ಹುಟ್ಟಿತು.

ನವೆಂಬರ್ 11ರ ರವಿವಾರ ರಾಮದುರ್ಗ ತಾಲ್ಲೂಕಿನ ಹನ್ನೊಂದು ಮಂದಿ ರೈತರು ಒಂದು ಟ್ರ್ಯಾಕ್ಸ್ ಜೀಪಿನಲ್ಲಿ ನೇಸರಗಿಗೆ ಬಂದು ಇವರ ಅಂಗಳದಲ್ಲಿ ಇಳಿದರು. 'ಬೀಜ ನೇಸರಗಿದು, ಅಲ್ಲೇ ಕೇಳ್ರಿ' ಎಂದು ಲಗಮಪ್ಪ ಕೈ ತೊಳೆದುಕೊಂಡಿದ್ದ. ತನ್ನ ಮನೆಯಿಂದ ಹೊರಟಾಗ ಬೀಜ ಚೆನ್ನಾಗಿತ್ತು ಎಂದು ತೋರಿಸಲು ಸಿದ್ದಲಿಂಗವ್ವನ ಬಳಿ ಒಂದು ಕಾಳೂ ಉಳಿದಿರಲಿಲ್ಲ. ಅವರು ವಾದ ಮಾಡಲಿಲ್ಲ. ಎರಡು ಎಮ್ಮೆ ಮಾರಿ, ಆ ವರ್ಷದ ಗಳಿಕೆ ಸೇರಿಸಿ, ಎಲ್ಲರಿಗೂ ಬೀಜದ ಬೆಲೆ ಮತ್ತು ಬಿತ್ತನೆಯ ಖರ್ಚು ತುಂಬಿಕೊಟ್ಟರು. ಹೊರಡುವಾಗ ಅವರಲ್ಲೊಬ್ಬ ಅಂಗಳದಿಂದ ಮಾಳಿಗೆಯವರೆಗೆ ಕಣ್ಣಾಡಿಸಿ ಹೇಳಿದ: "ಕೊಟ್ಟಿ, ಪಾಡಾತು. ಕೋರ್ಟಿಗೆ ಹೋಗಿದ್ವಿ ಅಂದ್ರ ಈ ಮನೀನ ಹರಾಜಿಗೆ ಬರತಿತ್ತು."

ಬಾಗಿಲಲ್ಲಿ ನಿಂತಿದ್ದ ಸಾವಂತ್ರೆವ್ವ ಅದನ್ನು ಕೇಳಿಸಿಕೊಂಡಿದ್ದರು. ಸಿದ್ದಲಿಂಗವ್ವ ನೋಡಿದ್ದು ಆ ರೈತನನ್ನಲ್ಲ, ನೆಗೆಣ್ಣಿಯ ಮುಖವನ್ನು. ಬೀಜದ ಧಂದೆ ಸಿದ್ದಲಿಂಗವ್ವ ಒಬ್ಬರದು. ಮನೆ ಮಾತ್ರ ಇಬ್ಬರದು. ಅರ್ಧ ಇವರ ಹೆಸರಿನಲ್ಲಿ, ಅರ್ಧ ಮುತ್ತಪ್ಪನ ಹೆಸರಿನಲ್ಲಿ, ನಡುವೆ ಗೋಡೆ ಹಾಕಿ ಪಾಲು ಮಾಡಿರಲಿಲ್ಲ. ತಾನು ಮಾರಿದ ಒಂದು ಚೀಲ ಕಾಳಿಗಾಗಿ ಇನ್ನೊಬ್ಬಳ ತಲೆಯ ಮೇಲಿನ ಮಾಳಿಗೆ ಹೋಗಬಹುದು ಎಂಬ ಮಾತು ಅವರನ್ನು ನಾಲ್ಕು ತಿಂಗಳು ಬಿಡಲಿಲ್ಲ. ಫೆಬ್ರವರಿಯಲ್ಲಿ ರಾಶಿಯಾದಾಗ ಅಭ್ಯಾಸಬಲದಿಂದ ನಾಲ್ಕು ಚೀಲ ಬೀಜ ಆರಿಸಿದರು. ಮಾರ್ಚ್ 19ರಂದು ಅದನ್ನು ಬೇಳೆ ಮಾಡಲು ಕುಳಿತರು.

ಸಾವಂತ್ರೆವ್ವ ಗೂಟ ಬಿಡದೆ ಹೇಳಿದರು: "ನಾ ಮೊನ್ನೆ ಕಿತ್ತೂರಿಗೆ ಹೋಗಿದ್ನಲಾ, ಬರೇ ಅರಿವಿ ತರಾಕ ಹೋಗಿದ್ದಿಲ್ಲ. ನಿಮ್ಮ ತಮ್ಮನ್ನ ಕೇಳಿ ಬಂದೇನಿ."

ತಮ್ಮ ಅಂದಾನೆಪ್ಪ ಕಿತ್ತೂರಿನ ಹೆದ್ದಾರಿಯ ಮೇಲೆ ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಎರಡು ವರ್ಷದ ಹಿಂದೆ ಅದನ್ನು ಕಂಪನಿ ಮಾಡಿಸಿದ್ದರು.

"ಏನಂತಾನ ಅಂವಾ?"

"ಅಂಗಡಿ ಬ್ಯಾರೆ, ಮನಿ ಬ್ಯಾರೆ ಮಾಡಾಕ ಬರತೈತಂತ. ಕಾಗದದ ಮ್ಯಾಲ. ಒಬ್ಬಾಕಿ ಬಾಯಿ ಅದಾಳಂತ ಬೈಲಹೊಂಗಲದಾಗ, ಲೆಕ್ಕ ಪರಿಶೋಧಕಿ. ಮಂಗಳವಾರ, ಶುಕ್ರವಾರ ಕುಂದರತಾಳಂತ. ಇವತ್ತು ಮಂಗಳವಾರ."

"ನೀನರ ಹೋಗು."

"ನಾ ಏನಂತ ಹೋಗ್ಲಿ? ಕಾಳಿನ ಬಗ್ಗೆ ಕೇಳಿದ್ರ ನಾ ತಿನ್ನೂದಷ್ಟ ಬಲ್ಲೆ ಅನ್ಲೇನು? ಏಳು, ಜಳಕಾ ಮಾಡು. ಒಂಬತ್ತೂಕಾಲರ ಗಾಡಿ ಹಿಡಿಯೂಣು."

ಆ ಲೆಕ್ಕ ಪರಿಶೋಧಕಿ ರಾಜೇಶ್ವರಿಯ ಕಚೇರಿ ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ, ಔಷಧದ ಅಂಗಡಿಯ ಮೇಲೆ ಒಂದೇ ಕೋಣೆ. ವಯಸ್ಸು ಮೂವತ್ತೊಂದು. ಸವದತ್ತಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಓದಿದ್ದರು. ಮೇಜಿನ ಆಚೆ ಕೂರದೆ ಈಚೆಯ ಬೆಂಚಿಗೆ ಬಂದು ಇವರ ಪಕ್ಕ ಕುಳಿತು ಕೇಳತೊಡಗಿದರು. ವರ್ಷಕ್ಕೆ ಎಷ್ಟು ಬೀಜ ಹೋಗುತ್ತದೆ, ಯಾರ ಹೊಲದಿಂದ ಬರುತ್ತದೆ, ಹೊಲ ಯಾರ ಹೆಸರಿನಲ್ಲಿದೆ, ಮನೆ ಯಾರ ಹೆಸರಿನಲ್ಲಿದೆ. ಸಿದ್ದಲಿಂಗವ್ವ ಎಲ್ಲದಕ್ಕೂ ನೆನಪಿನಿಂದಲೇ ಉತ್ತರ ಕೊಟ್ಟರು. ಎಂಟು ವರ್ಷಗಳ ತೂಕ, ಒಯ್ದವರ ಹೆಸರು, ಪ್ರತಿ ವರ್ಷದ ಮೊಳಕೆಯ ಸಂಖ್ಯೆ. ರಾಜೇಶ್ವರಿ ಬರೆದುಕೊಳ್ಳುತ್ತ ಒಮ್ಮೆ ಪೆನ್ನು ನಿಲ್ಲಿಸಿ, "ನನ್ನ ಕೈಯಾಗಿನ ದೊಡ್ಡ ದೊಡ್ಡ ಅಂಗಡಿಯವ್ರು ಹೋದ ವರ್ಷದ್ದ ಹೇಳೂದಿಲ್ರಿ," ಎಂದರು.

ಆಮೇಲೆ ಒಂದು ಹಾಳೆಯ ಮೇಲೆ ಎರಡು ಚೌಕ ಬರೆದರು.

"ಇದು ನಿಮ್ಮ ಮನಿ. ಇದು ಕಂಪನಿ. ಕಂಪನಿ ಅಂದ್ರ ಕಾನೂನಿನ ಕಣ್ಣಾಗ ಬ್ಯಾರೆ ಒಬ್ಬ ಮನಿಷ್ಯಾ ಇದ್ದಂಗ್ರಿ. ಅವನ ಹೆಸರು ಬ್ಯಾರೆ, ಅವನ ಆಸ್ತಿ ಬ್ಯಾರೆ, ಅವನ ಸಾಲ ಬ್ಯಾರೆ."

ಸಾವಂತ್ರೆವ್ವ ಹಾಳೆಯನ್ನು ನೋಡಿ, "ಅಂದ್ರ ಮನ್ಯಾಗ ಇನ್ನೊಬ್ಬ ಗಂಡಸು ಬಂದಂಗಾತು. ಉಣ್ಣಾಕ ಏನ್ ಹಾಕಬೇಕ್ರಿ ಅವಗ?" ಎಂದರು.

"ಕಾಗದ ಹಾಕಬೇಕ್ರಿ. ವರ್ಷಾ ಲೆಕ್ಕ, ವರ್ಷಾ ಸಭಾ. ಉಪವಾಸ ಕೆಡವಿದ್ರ ದಂಡ ಹಾಕ್ತಾರ."

"ರೊಟ್ಟಿ ಬಡಿಯೂಕಿಂತ ಪಾಡು ಬಿಡ್ರಿ."

ಸಿದ್ದಲಿಂಗವ್ವ ನಗಲಿಲ್ಲ. ಅವರು ಕೇಳಬೇಕಾದದ್ದು ಒಂದೇ ಇತ್ತು: "ಕಂಪನಿ ಮುಳುಗಿದ್ರ ನಮ್ಮ ಮನಿ?"

"ಮನಿ ಮುಟ್ಟಾಕ ಬರೂದಿಲ್ಲ. ನೀವು ಪಾಲಿಗೆ ಎಷ್ಟು ಹಾಕಿರತೀರಿ, ಅಷ್ಟ ಹೋಗತೈತಿ. ಆದ್ರ ಎರಡು ಮಾತು ಈಗ ಹೇಳಿಬಿಡತೇನಿ, ಆಮ್ಯಾಲ ಹೇಳಲಿಲ್ಲ ಅನ್ನಬ್ಯಾಡ್ರಿ. ನೀವ ಗೊತ್ತಿದ್ದು ಮೋಸಾ ಮಾಡಿದ್ರ ಈ ಗೋಡಿ ನಿಮ್ಮನ್ನ ಕಾಯೂದಿಲ್ಲ. ಮತ್ತ, ಕಂಪನಿ ಸಾಲಕ್ಕ ಮನಿ ಜಾಮೀನು ಅಂತ ನೀವ ಸಹಿ ಮಾಡಿದ್ರ, ನಿಮ್ಮ ಕೈಯಾರ ಗೋಡಿ ಕೆಡವಿದಂಗ."

ಸಿದ್ದಲಿಂಗವ್ವ ಎರಡು ಚೌಕಗಳ ನಡುವಿನ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಅಂದಾನೆಪ್ಪನ ಮಾತನ್ನು ಅವರು ನಂಬಿರಲಿಲ್ಲ. ಕಾಗದದ ಗೋಡೆ ಎಂಥ ಗೋಡೆ ಎಂದು ಬಸ್ಸಿನಲ್ಲಿ ಬರುವಾಗಲೂ ಗೊಣಗಿದ್ದರು. ಅದು ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಕೇಳಿದ ಮೇಲೆ, ಉಳಿದ ಕಡೆ ನಿಲ್ಲುತ್ತದೆ ಎಂದು ನಂಬಿಕೆ ಬಂತು. ಆದರೆ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟಿತು.

"ಹಂಗಾದ್ರ ಬೀಜ ಹುಟ್ಟಲಿಲ್ಲಂದ್ರ ಒಕ್ಕಲಿಗನ ಗತಿ ಏನ್ರಿ? ನಮ್ಮ ಮನಿ ಉಳೀತು. ಅವನ ವರ್ಷ ಹೋತಲ್ರೀ?"

ಇಷ್ಟು ವರ್ಷಗಳಲ್ಲಿ ಕಂಪನಿ ಮಾಡಿಸಲು ಬಂದ ಯಾರೂ ತನಗೆ ಈ ಪ್ರಶ್ನೆ ಕೇಳಿರಲಿಲ್ಲ ಎಂದು ರಾಜೇಶ್ವರಿ ಆಮೇಲೆ ಹಲವರ ಮುಂದೆ ಹೇಳಿದ್ದಾರೆ. ಆ ದಿನ ಅವರು ಹಾಳೆಯ ಇನ್ನೊಂದು ಬದಿ ತಿರುಗಿಸಿ, ಮಧ್ಯಾಹ್ನದ ಊಟ ಬಿಟ್ಟು, ಎರಡು ಏರ್ಪಾಡುಗಳನ್ನು ಬರೆದರು. ಮೊದಲನೆಯದು, ಪ್ರತಿ ಚೀಲದ ಬೆಲೆಯ ಐದನೆಯ ಒಂದು ಭಾಗವನ್ನು ಬೇರೆ ಖಾತೆಯಲ್ಲಿ ಇಡುವುದು. ಬೀಜ ಕೆಟ್ಟರೆ ಬದಲಿ ಬೀಜ, ಬಿತ್ತನೆಯ ಖರ್ಚು ಅಲ್ಲಿಂದ. ಎರಡನೆಯದು, ಬೀಜ ಹೊರಡುವ ದಿನ ಒಯ್ಯುವವರ ಎದುರಿಗೇ ಒಂದು ಕಿಲೋ ಮಾದರಿ ತೆಗೆದು, ಅರಗಿನ ಮುದ್ರೆ ಹಾಕಿ, ಅವರ ಸಹಿಯೊಂದಿಗೆ ಇಟ್ಟುಕೊಳ್ಳುವುದು. ಲಗಮಪ್ಪನ ಪ್ರಕರಣದಲ್ಲಿ ಅಂಥ ಒಂದು ಕಿಲೋ ಇದ್ದಿದ್ದರೆ ಎಮ್ಮೆಗಳು ಉಳಿಯುತ್ತಿದ್ದವು.

"ನಿಮ್ಮ ಪಗಾರ ಎಷ್ಟ್ರಿ?" ಸಿದ್ದಲಿಂಗವ್ವ ಕೇಳಿದರು. ರಾಜೇಶ್ವರಿ ಹೇಳಿದರು. ಸರಕಾರದ ಶುಲ್ಕ ಬೇರೆ, ತನ್ನದು ಬೇರೆ ಎಂದು ಬಿಡಿಸಿ ಬರೆದು ಕೊಟ್ಟರು. ಚೌಕಾಸಿ ಮಾಡಲು ಬಾಯಿ ತೆರೆದ ಸಾವಂತ್ರೆವ್ವನ ಮೊಣಕೈಗೆ ಸಿದ್ದಲಿಂಗವ್ವ ಚಿವುಟಿದರು.

ಕಂಪನಿಗೆ ಕನಿಷ್ಠ ಇಬ್ಬರು ಬೇಕು. ಎರಡನೆಯವರು ಯಾರು ಎಂಬ ಪ್ರಶ್ನೆ ನೇಸರಗಿಗೆ ಮರಳುವ ಬಸ್ಸಿನಲ್ಲೇ ತೀರ್ಮಾನವಾಯಿತು. "ಹೆದರಿಕಿ ಇಬ್ಬರೂ ಕೂಡಿ ತಿಂದೇವಿ," ಎಂದರು ಸಾವಂತ್ರೆವ್ವ, "ಧಂದೇನೂ ಕೂಡಿ ಮಾಡೂಣು." ಮುತ್ತಪ್ಪ ರಜೆಯಲ್ಲಿ ಬಂದಾಗ ಕೇಳಿದರೆ, ತನ್ನ ಭವಿಷ್ಯನಿಧಿಯಿಂದ ಹೆಂಡತಿಯ ಪಾಲಿನ ಹಣ ತೆಗೆದುಕೊಟ್ಟು, "ನೀವಿಬ್ಬರೂ ಹೆಂಗ ಅಂತೀರಿ ಹಂಗ. ನಂಗ ಚಾ ಕೊಡ್ರಿ," ಎಂದರು. ಸಿದ್ದಲಿಂಗವ್ವ ನಾಲ್ಕು ಚೀಲದಲ್ಲಿ ಉಳಿದ ಬೀಜವನ್ನೂ ರಾಶಿಯ ಜೋಳವನ್ನೂ ಮಾರಿದರು. ಕಡಿಮೆ ಬಿದ್ದದ್ದನ್ನು ಅಂದಾನೆಪ್ಪ ಸೇರಿಸಿದರು.

ಹೆಸರಿಗೆ ಸಮಯ ಹಿಡಿಯಿತು. ಮೊದಲು ಕಳಿಸಿದ ಮೂರೂ ದೇವರ ಹೆಸರುಗಳು; ಮೂರೂ ಬೇರೆಯವರ ಕಂಪನಿಗಳಿಗೆ ಆಗಲೇ ಇದ್ದವು. ನಾಲ್ಕನೆಯದನ್ನು ಸಾವಂತ್ರೆವ್ವ ಹೇಳಿದರು. ಕಪ್ಪು ಮಣ್ಣಿನ ಹೊಲಕ್ಕೆ ಇಲ್ಲಿ ಎಲ್ಲರೂ ಹೇಳುವ ಮಾತು: ಎರಿಹೊಲ. ಅದು ಯಾರಿಗೂ ಇರಲಿಲ್ಲ. ಎರಿಹೊಲ ಸೀಡ್ಸ್ ಪ್ರೈವೇಟ್ ಲಿಮಿಟೆಡ್.

ಆಗಸ್ಟ್ 23ರ ಶುಕ್ರವಾರ ಸಹಿಯ ದಿನ. ಕಂಪನಿಯ ಮೂಲಪತ್ರದ ಕೊನೆಯ ಪುಟದಲ್ಲಿ ಇಬ್ಬರೂ ತಮ್ಮ ಕೈಯಿಂದಲೇ ಹೆಸರು, ಗಂಡನ ಹೆಸರು, ಊರು, ಉದ್ಯೋಗ, ತೆಗೆದುಕೊಳ್ಳುವ ಪಾಲುಗಳ ಸಂಖ್ಯೆ ಬರೆಯಬೇಕಿತ್ತು. ಹತ್ತು ರೂಪಾಯಿಯ ಹತ್ತು ಸಾವಿರ ಪಾಲು, ಒಟ್ಟು ಒಂದು ಲಕ್ಷ. ಆಗಿನ ಕಾನೂನಿನಲ್ಲಿ ಅದಕ್ಕಿಂತ ಕಡಿಮೆ ಇರುವಂತಿರಲಿಲ್ಲ. ಒಬ್ಬೊಬ್ಬರಿಗೆ ಐದು ಸಾವಿರ. ರಾಜೇಶ್ವರಿ ಒಂದು ಚೀಟಿಯಲ್ಲಿ ಮಾದರಿ ಬರೆದುಕೊಟ್ಟು, ಕೆಳಗಿನ ಔಷಧದ ಅಂಗಡಿಗೆ ಬಂದ ಫೋನಿಗೆ ಇಳಿದು ಹೋದರು. ಹೆಸರಿಗೆ ಸಿಕ್ಕ ಅನುಮತಿ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಕಾಗದಗಳು ಆ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕಿತ್ತು.

ಸಿದ್ದಲಿಂಗವ್ವ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದರು. ಪಾಲುಗಳ ಸಂಖ್ಯೆ ಬಂದಾಗ ಐದು ಬರೆದರು, ಎರಡು ಸೊನ್ನೆ ಬರೆದರು, ಕೈ ನಿಂತಿತು. ಕೊನೆಯ ಸೊನ್ನೆಯ ಜಾಗದಲ್ಲಿ ಒಂದು ಬರೆದರು.

"ಕೊಸರು ಹಾಕಿದ್ಯೇನು?" ಬಗ್ಗಿ ನೋಡಿದ ಸಾವಂತ್ರೆವ್ವ ಕೇಳಿದರು.

"ಸೊನ್ನಿಗೆ ನಿಂದರಿಸಬಾರದು. ಮೊದಲನೇ ಅಳತಿ ಇದು."

"ಹಂಗಾದ್ರ ನಾನೂ ಹಾಕತೇನಿ. ನಿಂದಕ್ಕಿಂತ ನಂದು ಯಾಕ ಕಡಿಮಿ ಆಗಬೇಕು?"

ಮೇಲೆ ಬಂದ ರಾಜೇಶ್ವರಿ ಪುಟ ಕೈಗೆತ್ತಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಹತ್ತು ಸಾವಿರ ಪಾಲಿನ ಕಂಪನಿಯಲ್ಲಿ ಇಬ್ಬರು ಹೆಂಗಸರು ಹತ್ತು ಸಾವಿರದ ಎರಡು ಪಾಲು ತೆಗೆದುಕೊಂಡಿದ್ದರು. ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಸಹಿ ಮಾಡಿ, ತಾರೀಖು ಹಾಕಿದ್ದರು.

"ಇದು ನಡಿಯೂದಿಲ್ರಿ," ಎಂದರು ಅವರು ಮೆಲ್ಲಗೆ. "ಇರೂದಕ್ಕಿಂತ ಎರಡು ಪಾಲು ಹೆಚ್ಚಿಗಿ ಆತು. ವಾಪಸ್ ಕಳಸ್ತಾರ. ಒಂದೊಂದು ತಗದು ಹೊಸಾ ಹಾಳಿ ಮ್ಯಾಲ ಬರೀರಿ."

ಸಿದ್ದಲಿಂಗವ್ವನ ಮುಖ ಇಳಿಯಿತು. ಹಾಕಿದ ಕೊಸರನ್ನು ಯಾರೂ ಮರಳಿ ತೆಗೆಯುವುದಿಲ್ಲ. ಅಳೆದ ರಾಶಿಯಿಂದ ಒಂದು ಮುಷ್ಟಿ ಹಿಂದಕ್ಕೆ ಎತ್ತುವುದನ್ನು ಅವರು ಜೀವನದಲ್ಲಿ ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೊದಲ ಬರವಣಿಗೆಯೇ ತಪ್ಪಾಯಿತು ಎಂಬುದು ಅವರಿಗೆ ಅಪಶಕುನವಾಗಿ ಕಂಡಿತು. ಸೆರಗು ಸರಿಮಾಡಿಕೊಂಡು ಎದ್ದರು.

"ಬಿಡ್ರಿ ಬಾಯಾರ. ಇದು ನಮ್ಮಂಥವರ ಕೆಲಸ ಅಲ್ಲ. ಸಾವಂತ್ರೀ, ನಡಿ. ನಾಲ್ಕರ ಗಾಡಿ ಸಿಗತೈತಿ."

"ಅಕ್ಕಾ..."

"ನಡಿ ಅಂದ್ನಿ. ಕಾಳು ಆರಿಸಿ ತಿನ್ನೂಣು, ಮನ್ಯಾಗ ಇರೂಣು. ಯಾರ ಮನಿಗೂ ಅಪಾಯ ಬ್ಯಾಡ."

ರಾಜೇಶ್ವರಿ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದುಕೊಂಡು ಕೇಳಿದರು: "ಅವ್ವಾರ, ಅಳಿಯೂ ಮುಂದ ಸೇರು ತುಂಬಿ ಕಾಳು ಹೊರಗ ಚೆಲ್ಲಿದ್ರ, ತಪ್ಪು ಕಾಳಿಂದೋ ಸೇರಿಂದೋ?"

ಸಿದ್ದಲಿಂಗವ್ವ ಹೊಸ್ತಿಲಲ್ಲಿ ನಿಂತರು. "ತಪ್ಪು ಯಾರದೂ ಅಲ್ಲ. ದೊಡ್ಡ ಸೇರು ತರಬೇಕು."

"ಅಷ್ಟರೀ. ಹತ್ತು ಸಾವಿರ ಅನ್ನೂದು ಸೇರು. ನೀವು ಹಾಕಿದ್ದು ಕಾಳು. ಸೇರಿನ ಅಳತಿ ಬರದಾಕಿ ನಾನು, ಸಣ್ಣದು ಬರದೇನಿ. ಕೊಸರು ಹಾಕ್ತೀರೇನಂತ ಮೊದಲ ಕೇಳಬೇಕಿತ್ತು, ನಾನೂ ಸವದತ್ಯಾಕಿ ಆಗಿ ಕೇಳಲಿಲ್ಲ. ಕುಂದರ್ರಿ. ಬಂಡವಾಳದ ಪುಟ ಅಷ್ಟ ಮತ್ತ ಟೈಪ್ ಮಾಡಸತೇನಿ. ಹನ್ನೊಂದು ಸಾವಿರದ ಸೇರು. ನಿಮ್ಮ ಬರವಣಿಗಿ ಹಂಗ ಇರಲಿ."

"ರೊಕ್ಕ ಎಷ್ಟು ಹೆಚ್ಚಿಗಿ?"

"ಸರಕಾರಕ್ಕ ಮುನ್ನೂರು. ನಂಗ ಏನಿಲ್ಲ."

"ಎರಡು ಪಾಲಿನ ಕಿಮ್ಮತ್ತು ಇಪ್ಪತ್ತು ರೂಪಾಯಿ," ಸಾವಂತ್ರೆವ್ವ ಗೋಡೆಗೆ ಹೇಳುವಂತೆ ಹೇಳಿದರು, "ಅದಕ್ಕ ಮುನ್ನೂರು ಖರ್ಚು. ನಮ್ಮ ಕಂಪನಿ ಭಾಳ ಉದ್ಧಾರ ಆಗತೈತಿ."

ಅಷ್ಟಕ್ಕೆ ಸಿದ್ದಲಿಂಗವ್ವ ನಕ್ಕರು. ಆ ವರ್ಷದಲ್ಲಿ ಅಕ್ಕ ಬಾಯಿ ತುಂಬ ನಕ್ಕದ್ದು ಅದೇ ಮೊದಲು ಎಂದು ಸಾವಂತ್ರೆವ್ವ ಹೇಳುತ್ತಾರೆ. ಟೈಪಿಸ್ಟನ ಅಂಗಡಿ ಮುಚ್ಚುವ ಮೊದಲು ಪುಟ ಸಿದ್ಧವಾಯಿತು. ಕಾಗದಗಳು ರಾತ್ರಿ ಬಸ್ಸಿಗೆ ಹೋದವು. ಸೆಪ್ಟೆಂಬರ್ 16ರ ತಾರೀಖು ಹಾಕಿದ ಪ್ರಮಾಣಪತ್ರ ಅಂಚೆಯಲ್ಲಿ ನೇಸರಗಿಗೆ ಬಂತು. ಸಿದ್ದಲಿಂಗವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಲು ಹೋಗಿ, ಕಲೆಯಾದೀತೆಂದು ಲಕೋಟೆಗೆ ಹಚ್ಚಿದರು.

ಅಲ್ಲಿಂದ ಮುಂದಿನ ಎರಡು ವರ್ಷ ಹೇಳಿಕೊಳ್ಳುವಂಥ ಘಟನೆಗಳಿಲ್ಲ, ಅದೇ ಸಮಾಧಾನ. ಕೃಷಿ ಇಲಾಖೆಯ ಪರವಾನಗಿ ಬಂತು. ಅಟ್ಟದ ಮೇಲೆ ಅರಗಿನ ಮುದ್ರೆಯ ಡಬ್ಬಿಗಳು ಸಾಲಾಗಿ ಕುಳಿತವು. 2003ರಲ್ಲಿ ಕಾಳು ವಿಂಗಡಿಸುವ ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ಕೇಳಿದಾಗ, ಅಲ್ಲಿನವರು ಮನೆಯ ಕಾಗದ ತಂದು ಜಾಮೀನು ಸಹಿ ಮಾಡಿದರೆ ಮಾತ್ರ ಎಂದರು. ಸಿದ್ದಲಿಂಗವ್ವ ಅಲ್ಲಿಂದ ನೇರವಾಗಿ ರಾಜೇಶ್ವರಿಯ ಮೆಟ್ಟಿಲು ಹತ್ತಿದರು. "ನಿಮ್ಮ ಕೈ, ನಿಮ್ಮ ಗೋಡಿ," ಎಂದಷ್ಟೇ ಅವರು ಹೇಳಿದರು. ಸಾಲ ಬೇಡವೆಂದು ಬರೆದುಕೊಟ್ಟು, ಒಂದು ವರ್ಷ ಕೈಜರಡಿಯಲ್ಲೇ ತೆಗೆದು, ಮರುವರ್ಷ ಧಾರವಾಡದಿಂದ ಹಳೆಯ ಯಂತ್ರ ಕೊಂಡರು. ಅದು ಕೂಗಾಡುತ್ತಿತ್ತು, ಆದರೆ ನಡೆಯುತ್ತಿತ್ತು.

2004ರ ಅಕ್ಟೋಬರಿನಲ್ಲಿ ಪೆಟ್ಟು ಬಿತ್ತು. ಸವದತ್ತಿ ತಾಲ್ಲೂಕಿನ ಸಿರಸಂಗಿಗೆ ಹೊರಟ ಬೀಜದ ಟೆಂಪೋ ಮುನವಳ್ಳಿ ದಾಟಿದ ಮೇಲೆ ಮಳೆಗೆ ಸಿಕ್ಕಿತು. ಮೇಲೆ ಹೊದಿಸಿದ್ದ ತಾಡಪತ್ರಿ ಹರಿದಿತ್ತು. ಚಾಲಕ ಚೀಲಗಳನ್ನು ಇಳಿಸುವಾಗ ಯಾರಿಗೂ ಹೇಳಲಿಲ್ಲ. ಹದಿನಾಲ್ಕು ಹೊಲಗಳಲ್ಲಿ ಸಾಲುಗಳು ಖಾಲಿ ಉಳಿದವು.

ನವೆಂಬರ್ 7ರ ರವಿವಾರ ಸಿರಸಂಗಿಯಿಂದ ಒಂಬತ್ತು ಮಂದಿ ಬಂದರು. ಮುಂದೆ ನಿಂತವರು ಮಲಕಾಜಪ್ಪ, ಆ ಊರಿನ ಹಿರಿಯ ರೈತ, ಬಾಯಿ ಬಹಳ ಚೂಪು. ಮೂರು ವರ್ಷದ ಹಿಂದಿನ ಅಂಗಳವೇ. ಆದರೆ ಈ ಸಲ ಸಿದ್ದಲಿಂಗವ್ವ ಚಾಪೆ ಹಾಸಿ, ಅಟ್ಟದಿಂದ ಡಬ್ಬಿ ಇಳಿಸಿ, ಮುದ್ರೆಯ ಮೇಲಿನ ಸಹಿ ಮಲಕಾಜಪ್ಪನದೇ ಎಂದು ಅವರಿಗೇ ತೋರಿಸಿದರು. ರೈತರು ಉಳಿದ ಬೀಜದ ಚೀಲ ತಂದಿದ್ದರು. ವಾರದ ಹಿಂದೆಯೇ ಸುದ್ದಿ ಬಂದಿದ್ದರಿಂದ ಸಿದ್ದಲಿಂಗವ್ವ ಧಾರವಾಡದ ಪ್ರಯೋಗಾಲಯದಿಂದ ಅದೇ ರಾಶಿಯ ವರದಿಯನ್ನೂ ತರಿಸಿಟ್ಟಿದ್ದರು. ಮನೆಯಿಂದ ಹೊರಟಾಗ ಬೀಜ ಚೆನ್ನಾಗಿತ್ತು. ಚೀಲದ ತಳದ ಕಾಳು ಮುಟ್ಟಿದರೆ ಉಬ್ಬಿ ಒಣಗಿದ್ದು ಗೊತ್ತಾಗುತ್ತಿತ್ತು. ಕೆಟ್ಟದ್ದು ದಾರಿಯಲ್ಲಿ.

"ಟೆಂಪೋ ನಾವು ಮಾಡಿದ್ದು," ಎಂದರು ಸಿದ್ದಲಿಂಗವ್ವ. "ತಪ್ಪು ಕಂಪನೀದು. ಬದಲಿ ಬೀಜ ಇವತ್ತ ಒಯ್ರಿ, ನೆಲದಾಗ ಇನ್ನೂ ಹಸಿ ಐತಿ, ಬಿತ್ತಾಕ ಬರತೈತಿ. ಕೂರಿಗಿ ಖರ್ಚಿನ ಚೆಕ್ ಬರಿಯತೇನಿ."

ಒಂಬತ್ತು ಮಂದಿ ಜಗಳಕ್ಕೆ ಸಿದ್ಧರಾಗಿ ಬಂದಿದ್ದರು. ಜಗಳ ಸಿಗದೆ ಚಾಪೆಯ ಮೇಲೆ ಕುಳಿತರು. ಬದಲಿ ಬೀಜದ ಖಾತೆಯಲ್ಲಿದ್ದದ್ದು ಸಾಕಾಯಿತು. ಆ ವರ್ಷ ಕಂಪನಿಗೆ ಲಾಭ ಉಳಿಯಲಿಲ್ಲ.

ಚಹಾ ಕುಡಿಯುತ್ತ ಮಲಕಾಜಪ್ಪ ಸುಮ್ಮನೆ ಕೂರಲಿಲ್ಲ. "ಯವ್ವಾ, ಈ ಸಲಾ ಕೊಟ್ಟಿ, ಖರೇ. ನಾಳೆ ಇದರ ಹತ್ತು ಪಟ್ಟು ಪೆಟ್ಟು ಬಿತ್ತಂದ್ರ? ಎಲ್ಲಿಂದ ಕೊಡತಿ? ಈ ಮನಿ ಮಾರತೀಯೇನು?"

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದ ಸಾವಂತ್ರೆವ್ವ ಅಲ್ಲೇ ನಿಂತರು.

"ಕಂಪನ್ಯಾಗ ಇದ್ದದ್ದೆಲ್ಲಾ ಮೊದಲ ನಿಮಗ," ಎಂದರು ಸಿದ್ದಲಿಂಗವ್ವ. "ಮಷೀನು, ಕಾಳು, ಖಾತೆದಾಗಿಂದು, ಎಲ್ಲಾ. ಮನಿ ಈ ಮಾತಿನಾಗ ಬರೂದಿಲ್ಲ. ಅದು ನಂದು, ಆಕೀದು."

"ಅದು ಕಂಪನೀದಾತು. ನಿಂದು? ನಿನ್ನ ಕೈಯಾಗಿಂದು ಎಷ್ಟು ಹೊಕ್ಕೈತಿ? ಮುಚ್ಚಿಡಬ್ಯಾಡ, ಹೇಳು."

ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಯಾರು ಬೇಕಾದರೂ ಹೋಗಿ ನೋಡಬಹುದಾದ ಕಾಗದದಲ್ಲಿ ಅದು, ಕೊಸರಿನ ಒಂದು ಪಾಲೂ ಸೇರಿ, ಅವರದೇ ಅಕ್ಷರದಲ್ಲಿತ್ತು. ಸಿದ್ದಲಿಂಗವ್ವ ಮಲಕಾಜಪ್ಪನನ್ನು ಬಿಟ್ಟು ಬಾಗಿಲ ಕಡೆ ತಿರುಗಿ, ನೆಗೆಣ್ಣಿಗೆ ಸರಿಯಾಗಿ ಕೇಳಿಸುವಷ್ಟು ದನಿಯೆತ್ತಿ ಹೇಳಿದರು:

"ಐವತ್ತು ಸಾವಿರದ ಹತ್ತು ರೂಪಾಯಿ."